ಬಿರುಕು ಹುಡುಕುವ ಮೇಸ್ತ್ರಿ

ಹಾಡು ಕೇಳುವಾಗ ಅವರು ಎಡಗೈಯನ್ನು ಸ್ಪೀಕರ್ ಡಬ್ಬದ ಮೇಲೆ ಒತ್ತಿ ಇಟ್ಟುಕೊಳ್ಳುತ್ತಿದ್ದರು. ಆ ಕೈಯ ಕಿರುಬೆರಳು ಮತ್ತು ಉಂಗುರದ ಬೆರಳು ಒಂದಕ್ಕೊಂದು ಅಂಟಿ ಒಂದೇ ದಪ್ಪ ಬೆರಳಿನಂತೆ ಕಾಣುತ್ತಿದ್ದವು. ಎಂದೋ ಕರಗಿದ ಕಬ್ಬಿಣ ಸಿಡಿದು ಆದ ಗುರುತು ಅದು. ಕಣ್ಣು ಮುಚ್ಚಿ, ತಲೆ ಒಂದು ಕಡೆ ವಾಲಿಸಿ, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವವರಂತೆ ಆ ಡಬ್ಬ ಹಿಡಿದು ಐದು ನಿಮಿಷ ಅಲುಗಾಡದೆ ಕೂರುತ್ತಿದ್ದರು. ನಾನು ಎದುರಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಆ ಬಾಯಿಂದ ಒಂದಾದರೂ ಒಳ್ಳೆಯ ಮಾತು ಉದುರೀತೇ ಎಂದು ಕಾಯುತ್ತಿದ್ದೆ. ಹಾಡು ಮುಗಿದ ಮೇಲೆ ಕಣ್ಣು ತೆರೆದು ಅವರು ಹೇಳುತ್ತಿದ್ದುದು ಒಂದೇ: "ಬಿರುಕಿದೆ ಮಾರಾಯ್ತಿ. ಕರಗ್ಸು. ಇನ್ನೊಂದ್ ಸಲ."

ಆ "ಇನ್ನೊಂದ್ ಸಲ" ಕೇಳಿ ಕೇಳಿ ನನ್ನ ತಲೆಯಲ್ಲಿ ಎಷ್ಟು ಕೂದಲು ಬೆಳ್ಳಗಾದವೋ ದೇವರಿಗೇ ಗೊತ್ತು. ಹೋದವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಎನ್ನುತ್ತಾರೆ. ಬರೆಯುತ್ತೇನೆ. ಆದರೆ ಮೊದಲು ಬೈದು ಮುಗಿಸಬೇಕು. ಇಲ್ಲದಿದ್ದರೆ ಅದು ಅವರ ಚಿತ್ರವಾಗುವುದಿಲ್ಲ, ಬೇರೆ ಯಾರೋ ಸಾಧು ಮನುಷ್ಯನ ಚಿತ್ರವಾಗುತ್ತದೆ.

ಎಲ್ಲರೂ ಅವರನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿ, ಈಗ ಮುಚ್ಚಿಹೋಗಿರುವ ಒಂದು ಸಣ್ಣ ಫೌಂಡ್ರಿಯಲ್ಲಿ ಅವರು ತಲೆಕೂದಲು ಕಪ್ಪಿದ್ದಾಗ ಸೇರಿ ಬೆಳ್ಳಗಾದ ಮೇಲೆ ಹೊರಬಂದವರು. ಎರಕ ಹೊಯ್ದು ಆರಿದ ಸಾಮಾನನ್ನು ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ, ಒಳಗೆ ಬಿರುಕಿದೆಯೋ ಇಲ್ಲವೋ ಹೇಳುವುದು ಅವರ ಕೆಲಸ. ಗಟ್ಟಿ ಮಾಲಾದರೆ ಗಂಟೆಯ ಹಾಗೆ ಎಳೆದು ನುಡಿಯುತ್ತದಂತೆ, ಬಿರುಕಿದ್ದರೆ ಒಡಕು ಮಡಕೆಯ ಹಾಗೆ ಠಕ್ ಎನ್ನುತ್ತದಂತೆ. "ನನ್ ಕಿವಿ ಪಾಸ್ ಮಾಡಿದ್ ಮಾಲು ಒಂದೂ ವಾಪಸ್ ಬಂದಿಲ್ಲ. ಇನ್ನೊಬ್ಬರ ಕಿವಿ ನಂಬಿ ಪಾಸ್ ಮಾಡ್ದವನೂ ನಾನಲ್ಲ" ಎಂದು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಕೇಳಿದವರಿಗೆ ಹೇಳಿದರೆ ಸರಿ. ಯಾರೂ ಕೇಳದಿದ್ದರೂ ಹೇಳುತ್ತಿದ್ದರು.

ಫೌಂಡ್ರಿ ಮುಚ್ಚಿದ ಮೇಲೆ ಗಣಪತಿ ಪೆಂಡಾಲುಗಳಿಗೆ ಮೈಕ್‌ಸೆಟ್ ಹಾಕಿದರು. ಆಮೇಲೆ ಭದ್ರಾವತಿ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ತಮ್ಮ ಮನೆಯ ಹಿಂಭಾಗದ ಕೋಣೆಯನ್ನೇ ರೆಕಾರ್ಡಿಂಗ್ ರೂಮು ಮಾಡಿಕೊಂಡರು. ಗೋಡೆಗೆಲ್ಲ ಹಳೆಯ ಕೌದಿ, ತೆಂಗಿನ ನಾರು ತುಂಬಿ ಹೊಲಿದ ಅಡಿಕೆ ಚೀಲಗಳು, ಕಿಟಕಿಗೆ ಒಂದು ಇಡೀ ಹಾಸಿಗೆ. ಹಾಡುವಾಗ ಫ್ಯಾನ್ ಹಾಕುವಂತಿಲ್ಲ. ಏಪ್ರಿಲ್ ತಿಂಗಳಲ್ಲಿ ಆ ಕೋಣೆಯಲ್ಲಿ ನಿಂತು ಹಾಡಿದವರಿಗೆ ಇನ್ನೊಂದು ಕುಲುಮೆ ಬೇಡ.

ಅಲ್ಲಿಗೆ ಬರುತ್ತಿದ್ದವರೆಲ್ಲ ನನ್ನಂಥವರೇ. ತಮಿಳು ಕನ್ನಡ ಎರಡೂ ಬೆರೆಸಿ ರ‍್ಯಾಪ್ ಹಾಡುವ ಇಬ್ಬರು ಅಣ್ಣತಮ್ಮಂದಿರು, ಹೆರಿಗೆ ವಾರ್ಡಿನಲ್ಲಿ ಕೇಳಿದ ಜೋಗುಳಗಳನ್ನು ತನ್ನದೇ ಧಾಟಿಯಲ್ಲಿ ಹಾಡುವ ಒಬ್ಬ ನರ್ಸಮ್ಮ, ತತ್ವಪದದ ಮಟ್ಟಿನಲ್ಲಿ ಸ್ವಂತ ಪದ ಕಟ್ಟಿದ ಒಬ್ಬ ರಿಟೈರ್ಡ್ ಪೋಸ್ಟ್‌ಮ್ಯಾನ್. ಯಾವ ಕಂಪನಿಯೂ ಕೇಳದ, ಯಾವ ಸಿನಿಮಾಕ್ಕೂ ಸೇರದ ಹಾಡುಗಳು. ನಾವೇ ಬರೆದು, ನಾವೇ ಹಾಡಿ, ನಾವೇ ಇಂಟರ್ನೆಟ್ಟಿಗೆ ಹಾಕಿ, ಅದನ್ನು ಆಲ್ಬಂ ಬಿಡುಗಡೆ ಎಂದು ನಾವೇ ಕರೆದುಕೊಳ್ಳುವವರು.

ಈ ಆಲ್ಬಂ ಬಿಡುಗಡೆ ಎಂಬ ವ್ಯವಹಾರದಷ್ಟು ತಲೆನೋವಿನದು ಇನ್ನೊಂದಿಲ್ಲ. ಹಾಡು ಮಾಡಿದ್ದೀನಿ ಎಂದರೆ ಜನ ಮೊದಲು ಕೇಳುವುದು, "ಯಾವ್ ಪಿಕ್ಚರ್ದು?" ಪಿಕ್ಚರ್ ಇಲ್ಲ ಎಂದರೆ ಅವರ ಮುಖ ನೋಡಬೇಕು. "ಪಿಕ್ಚರೇ ಇಲ್ದೆ ಹಾಡ್ ಯಾಕ್ ಮಾಡಿದ್ರಿ ಮತ್ತೆ?" ಎನ್ನುತ್ತಾರೆ. ಮದುವೆ ಇಲ್ಲದೆ ಊಟ ಹಾಕಿಸಿದ ಹಾಗೆ ಅವರಿಗೆ. ಇನ್ನು ಬಲ್ಲವರು, "ಲಿಂಕ್ ಕಳ್ಸು, ಕೇಳ್ತೀನಿ" ಎನ್ನುತ್ತಾರೆ. ಕಳಿಸುತ್ತೇವೆ. ಹಾಡು ಐದು ನಿಮಿಷದ್ದು, ಅವರ "ಸೂಪರ್" ಎಂಬ ಉತ್ತರ ಹತ್ತು ಸೆಕೆಂಡಿನಲ್ಲಿ ಬರುತ್ತದೆ.

ನಾನು ತ್ಯಾವರೆಕೊಪ್ಪದ ಸಫಾರಿಯಲ್ಲಿ ಟಿಕೆಟ್ ಕೌಂಟರಿನಲ್ಲಿ ಕೂರುವವಳು. "ಹುಲಿ ಗ್ಯಾರಂಟಿ ಕಾಣ್ಸುತ್ತಾ ಮೇಡಂ?" ಎಂಬ ಪ್ರಶ್ನೆಗೆ ದಿನವಿಡೀ ಉತ್ತರ ಕೊಡುತ್ತೇನೆ. ಜನ ಕಡಿಮೆ ಇದ್ದಾಗ ಆ ಕಿಂಡಿಯ ಹಿಂದೆ ಕೂತು ಹಾಡು ಬರೆಯುವ ಚಟ ಹತ್ತಿಸಿಕೊಂಡೆ. ಅಲ್ಲಿ ಮಂಗಳವಾರ ಪ್ರಾಣಿಗಳಿಗೂ ನನಗೂ ರಜೆ. ನಲವತ್ತು ದಾಟುವ ಹೊತ್ತಿಗೆ ಏಳು ಹಾಡಾಗಿದ್ದವು. ಶಿವಮೊಗ್ಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ಗೆಳೆಯನೊಬ್ಬ ಗಿಟಾರ್ ಹಿಡಿದ. ತಾಳಕ್ಕೆ ಚಿಕ್ಕಮ್ಮ ಬಂದಳು.

ಚಿಕ್ಕಮ್ಮ ನನ್ನ ಅಮ್ಮನ ತಂಗಿ. ಶಿವಮೊಗ್ಗದ ರಾಗಿಗುಡ್ಡದ ಕಡೆ ಮನೆ. ಅಲ್ಲಿಯ ಭಜನಾ ಮಂಡಳಿಯಲ್ಲಿ ಮದುವೆಯಾಗಿ ಬಂದಾಗಿನಿಂದ ತಾಳ ಹಾಕುತ್ತಿದ್ದಾಳೆ. ಅಂಗೈಯಲ್ಲಿ ಅಡಗುವ ಒಂದು ಜೊತೆ ಕಂಚಿನ ತಾಳ, ಅದನ್ನು ಅವಳು ಬಾರಿಸುತ್ತಾಳೆ ಎನ್ನುವುದಕ್ಕಿಂತ ತಾಗಿಸುತ್ತಾಳೆ ಎನ್ನಬೇಕು. ಮಾತು ಕಡಿಮೆ. ಯಾರೂ ಅವಳನ್ನು ಯಾವುದಕ್ಕೂ ಮುಂದೆ ಕೂರಿಸಿದ್ದಿಲ್ಲ. "ನನ್ ಹೆಸರೂ ಬರುತ್ತಾ ಅದ್ರಲ್ಲಿ?" ಎಂದು ಅವಳು ಒಮ್ಮೆ ಕೇಳಿದ್ದಳು. ಬರುತ್ತೆ ಎಂದಿದ್ದೆ. ಮತ್ತೆ ಆ ಮಾತು ಎತ್ತಲಿಲ್ಲ, ಆದರೆ ಪ್ರತಿ ಮಂಗಳವಾರ ನನಗಿಂತ ಮೊದಲೇ ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತಿದ್ದಳು.

ಮೇಸ್ತ್ರಿಯ ಪದ್ಧತಿಗಳ ಕಥೆ ಹೇಳಿದರೆ ಮುಗಿಯುವುದಿಲ್ಲ. ಫೌಂಡ್ರಿಯಲ್ಲಿ ಒಂದು ಸಲ ಕಬ್ಬಿಣ ಕರಗಿಸಿ ಎರೆದರೆ ಅದಕ್ಕೆ ಒಂದು ಹೀಟ್ ಎನ್ನುತ್ತಾರಂತೆ. ಇವರಿಗೆ ನಾವು ಒಂದು ಸಲ ಹಾಡಿದರೆ ಒಂದು ಹೀಟ್. ಶುರು ಮಾಡುವ ಮೊದಲು ಮೈಕಿನಲ್ಲಿ "ಹೀಟ್ ನಂಬರ್ ಹನ್ನೊಂದು" ಎಂದು ಕೂಗುವುದು, ಮುಗಿದ ಮೇಲೆ ಶಾಲೆಯ ಮಕ್ಕಳ ನೋಟ್‌ಬುಕ್ಕಿನಲ್ಲಿ "ಹೀಟ್ 11. ಬಿರುಕು" ಎಂದು ಬರೆಯುವುದು. ಮೂವರೂ ಒಟ್ಟಿಗೆ, ಮೊದಲಿನಿಂದ ಕೊನೆಯವರೆಗೆ, ಒಂದೇ ಉಸಿರಿಗೆ ಎಂಬ ಹಾಗೆ ಹಾಡಬೇಕು. ಕೆಟ್ಟಿದ್ದು ಒಂದು ಸಾಲಾದರೆ ಆ ಸಾಲನ್ನು ಮಾತ್ರ ಮತ್ತೆ ಹಾಡಿ ಸೇರಿಸಬಹುದಲ್ಲ, ಪ್ರಪಂಚವೆಲ್ಲ ಹಾಗೇ ಮಾಡುತ್ತದಲ್ಲ ಎಂದು ನಮ್ಮ ಗಿಟಾರಿನವನು ಒಮ್ಮೆ ಬಾಯಿ ಬಿಟ್ಟ.

"ಒಡೆದ ಎರಕಕ್ಕೆ ಬೆಸುಗೆ ಹಾಕಿ ಬಣ್ಣ ಬಳಿದ್ರೆ ಕಣ್ಣಿಗೆ ಗೊತ್ತಾಗಲ್ಲ ಕಣಪ್ಪ," ಎಂದರು ಮೇಸ್ತ್ರಿ. "ಭಾರ ಬಿದ್ದಾಗ ಗೊತ್ತಾಗುತ್ತೆ."

"ಹಾಡಿನ್ ಮೇಲೆ ಯಾವ ಭಾರ ಬೀಳುತ್ತೆ ಮೇಸ್ತ್ರಿ?"

"ಕೇಳೋರ್ದು," ಎಂದು ಹೇಳಿ ಹೀಟ್ ನಂಬರ್ ಹನ್ನೆರಡಕ್ಕೆ ಕೈ ಎತ್ತಿದರು.

ಇನ್ನೂ ಇತ್ತು. ಹಾಡುವಾಗ ಮುಖ ಅವರ ಕಡೆಗೇ ತಿರುಗಿಸಿರಬೇಕು, ಪಕ್ಕಕ್ಕೆ ತಿರುಗಿದರೆ ನಿಲ್ಲಿಸುತ್ತಿದ್ದರು. ಫೋನು ಪಕ್ಕದಲ್ಲೇ ಬಡಿದುಕೊಂಡರೂ ಎತ್ತುತ್ತಿರಲಿಲ್ಲ. ನಾನು ಬರುವುದು ತಡವಾಗುತ್ತದೆ ಎಂದು ಹೇಳಲು ಹತ್ತು ಸಲ ಮಾಡಿದರೂ ಉತ್ತರವಿಲ್ಲ, ಹೋದ ಮೇಲೆ "ಹೇಳ್ಬಾರ್ದಾ?" ಎಂದು ನನಗೇ ಬೈಗುಳ. ಎಂಥ ಅಹಂಕಾರದ ಮನುಷ್ಯ ಇವರು ಎಂದುಕೊಳ್ಳುತ್ತಿದ್ದೆ. ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುತ್ತಿದ್ದವರು, ಬಿಸಿ ಬಿಸಿ ಪಡ್ಡು ತಟ್ಟೆಗೆ ಹಾಕುತ್ತಾ "ಅವ್ರು ಹಂಗೇಮ್ಮಾ, ನೀ ತಿನ್ನು" ಎಂದು ಸಮಾಧಾನ ಮಾಡುತ್ತಿದ್ದರು. ಆ ಪಡ್ಡು ಇಲ್ಲದಿದ್ದರೆ ನಾನು ಮೂರನೇ ಮಂಗಳವಾರಕ್ಕೇ ಬಿಟ್ಟು ಬರುತ್ತಿದ್ದೆ.

ಆದರೆ ಮನುಷ್ಯ ಸುಮ್ಮನೆ ಸತಾಯಿಸುತ್ತಿರಲಿಲ್ಲ, ಅದೇ ಇನ್ನೂ ದೊಡ್ಡ ಕಿರಿಕಿರಿ. ನನ್ನದೊಂದು ಹಾಡಿದೆ, ನನ್ನ ಒಡಹುಟ್ಟಿದ ಅಕ್ಕನನ್ನು ನೆನೆದು ಬರೆದದ್ದು. ಅವಳಿಗೂ ನನಗೂ ಎಷ್ಟೋ ವರ್ಷದಿಂದ ಮಾತಿಲ್ಲ. ಎರಡನೇ ಚರಣದಲ್ಲಿ "ಸಿಟ್ಟಿಲ್ಲ ನನಗೆ, ಬಾ" ಎಂಬ ಸಾಲಿತ್ತು. ಒಂಬತ್ತು ಹೀಟ್ ಆದರೂ ಅಲ್ಲೇ ಬಿರುಕು ಎಂದರು. ಶ್ರುತಿ ಸರಿಯಿದೆ, ತಾಳ ಸರಿಯಿದೆ ಎಂದು ನಾನು ವಾದಿಸಿದೆ.

"ಶ್ರುತಿ ಅಲ್ಲಮ್ಮ ನಾನ್ ಹೇಳ್ತಿರೋದು. ನಿಂಗೆ ಸಿಟ್ಟಿದೆಯೋ ಇಲ್ವೋ?"

"ಇದೆ," ಎಂದೆ. ಬಾಯಿತಪ್ಪಿ ಬಂತು.

"ಮತ್ತೆ ಹಂಗೇ ಬರಿ. ನಿನ್ ಗಂಟೇನ್ ಹೋಗುತ್ತೆ?"

ನಿಂತಲ್ಲೇ ಬದಲಿಸಿ "ಸಿಟ್ಟಿದೆ ನನಗೆ, ಆದರೂ ಬಾ" ಎಂದು ಹಾಡಿದೆ. ಈವತ್ತು ನನ್ನ ಹಾಡುಗಳಲ್ಲಿ ಯಾರಿಗಾದರೂ ಒಂದು ಸಾಲು ನೆನಪಿದ್ದರೆ ಅದು ಆ ಸಾಲು. ಆ ದಿನ ಅವರು "ಬಿರುಕಿಲ್ಲ" ಎಂದರು ಎಂದುಕೊಂಡಿರಾ? "ಹೂಂ, ನೋಡೋಣ" ಎಂದರು, ಅಷ್ಟೇ.

ಅವರ ಕಾಟ ಅತಿ ಹೆಚ್ಚು ತಿಂದವಳು ಚಿಕ್ಕಮ್ಮ. "ತಾಳ ಕೇಳಿಸ್ತಿಲ್ಲಮ್ಮಾ, ಬೆಳಿಗ್ಗೆ ತಿಂಡಿ ತಿಂದಿಲ್ವಾ?" ಎಂದು ಶುರುವಾಯಿತು. ಮೈಕನ್ನು ಅವಳ ಹತ್ತಿರ ಹತ್ತಿರ ತಂದರು. ಸಾಲಲಿಲ್ಲ. "ಇನ್ನೂ ಜೋರು. ಇದು ಭಜನೆ ಅಲ್ಲ, ದೇವ್ರಿಗೊಬ್ನಿಗೆ ಕೇಳಿದ್ರೆ ಸಾಲ್ದು." ಅವಳು ಜೋರಾಗಿ ಬಾರಿಸಿದಳು. ಇನ್ನೂ ಜೋರು ಎಂದರು. ನನ್ನ ಕಿವಿಗೆ ಅದು ಸಾಕಷ್ಟು ಜೋರಾಗಿಯೇ ಇತ್ತು. ಆದರೆ ಮೈಕಿನಲ್ಲಿ ಹೇಗೆ ಕೇಳುತ್ತದೋ ಬಲ್ಲವರು ಅವರು ಎಂದು ಸುಮ್ಮನಿದ್ದೆ. ಅದು ನನ್ನ ತಪ್ಪು. ಬಸ್ಸಿನಲ್ಲಿ ವಾಪಸ್ ಬರುವಾಗ ಚಿಕ್ಕಮ್ಮನ ಅಂಗೈ ಕೆಂಪಗೆ ಊದಿರುತ್ತಿತ್ತು. "ಮೇಸ್ತ್ರಿ ಹೇಳ್ತಾರೆ ಅಂದ್ಮೇಲೆ ಏನೋ ಇರುತ್ತೆ ಬಿಡು," ಎನ್ನುತ್ತಿದ್ದಳು.

ಏಳೂ ಹಾಡು ಮುಗಿಯಲು ಒಂದು ಚಳಿಗಾಲ, ಒಂದು ಬೇಸಿಗೆ ಹಿಡಿಯಿತು. ಆಮೇಲೆ ದನಿ, ಗಿಟಾರ್, ತಾಳ ಮೂರನ್ನೂ ಹದ ನೋಡಿ ಕೂಡಿಸುವ ಕೆಲಸ. ಅದು ಮುಗಿಯುವವರೆಗೆ ನಮಗೆ ಒಂದು ಅಕ್ಷರ ಕೇಳಿಸಲಿಲ್ಲ. "ಅಚ್ಚು ಆರೋ ತನಕ ಒಡೀಬಾರ್ದು" ಎಂಬ ಇನ್ನೊಂದು ಫೌಂಡ್ರಿ ಶಾಸ್ತ್ರ. ನಾವು ದಿನ ಗೊತ್ತುಮಾಡಿ ಊರಿಗೆಲ್ಲ ಹೇಳಿಯಾಗಿತ್ತು. ಕೊನೆಗೆ ಇನ್ನೇನು ಹಾಡು ಕಳಿಸಲೇಬೇಕು ಎಂಬ ದಿನ ಪೆನ್‌ಡ್ರೈವ್ ಕೊಟ್ಟರು. ಗಿಟಾರಿನವನು ಅಂಗಡಿಯ ಗಲಾಟೆಯಲ್ಲಿ ಫೋನಿನಲ್ಲೇ ಚೂರು ಕೇಳಿದ. ಕೀಚಲು ಅನ್ನಿಸಿತಂತೆ. ಫೋನಿನಲ್ಲಿ ಎಲ್ಲ ಹಾಡೂ ಕೀಚಲೇ ಎಂದುಕೊಂಡು ಇಂಟರ್ನೆಟ್ಟಿಗೆ ಏರಿಸಿಬಿಟ್ಟ. ಅವನನ್ನು ಬೈಯೋಣವೆಂದರೆ ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಬಿಡುಗಡೆ ರಾಗಿಗುಡ್ಡದಲ್ಲಿ, ಚಿಕ್ಕಮ್ಮನ ಭಜನಾ ಮಂಡಳಿಯ ಕೋಣೆಯಲ್ಲಿ. ದೊಡ್ಡ ಎರಡು ಸ್ಪೀಕರ್ ಡಬ್ಬ ತರಿಸಿದ್ದೆವು. ಕೇಸರಿಬಾತ್, ಉಪ್ಪಿಟ್ಟು. ಬಿಡುಗಡೆ ಎಂದರೆ ಏನು ಮಾಡಬೇಕು ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ಬಿಚ್ಚಲು ಪುಸ್ತಕವಿಲ್ಲ, ಕತ್ತರಿಸಲು ಟೇಪಿಲ್ಲ. ಮಂಡಳಿಯ ಹಿರಿಯಜ್ಜಿಯ ಕೈಗೆ ಫೋನು ಕೊಟ್ಟು ಇಲ್ಲಿ ಒತ್ತಜ್ಜಿ ಎಂದೆವು. ಅಜ್ಜಿ ಮೂರು ಸಲ ಒತ್ತಿದಳು. ಹಾಡು ಶುರುವಾಗಿ, ನಿಂತು, ಮತ್ತೆ ಶುರುವಾಯಿತು. ಚಿಕ್ಕಮ್ಮ ಮದುವೆಗೆ ಹೋಗುವ ಸೀರೆ ಉಟ್ಟು ಮೊದಲ ಸಾಲಿನಲ್ಲಿ ಕೂತಿದ್ದಳು.

ಮೊದಲ ತಾಳ ಬಿದ್ದಾಗಲೇ ನಾನು ಬೆಚ್ಚಿದೆ. ಮಕ್ಕಳು ಕಿವಿ ಮುಚ್ಚಿಕೊಂಡರು. ನನ್ನ ದನಿ, ಗಿಟಾರ್ ಎಲ್ಲ ಹಿಂದೆಲ್ಲೋ ಇದ್ದವು. ಅವುಗಳ ಮುಂದೆ ಆ ತಾಳ ಒಂದೊಂದು ಪೆಟ್ಟಿಗೂ ಕಿವಿಯೊಳಗೆ ಹೊಕ್ಕು ಹೊರಡುತ್ತಿತ್ತು. ಎರಡನೇ ಹಾಡಿನ ಹೊತ್ತಿಗೆ ಹಿಂದಿನ ಸಾಲು ಖಾಲಿಯಾಗಿತ್ತು. ಮಂಡಳಿಯ ಒಬ್ಬಳು ಎಲ್ಲರೆದುರೇ ಕೇಳಿದಳು: "ಏನೇ ಇದು ನಿನ್ ತಾಳ, ಸೂಜಿ ಹಾಕ್ದಂಗೆ ಆಗ್ತಿದೆ! ಹಿಂಗ್ಯಾಕ್ ಬಡ್ದೆ?"

ಚಿಕ್ಕಮ್ಮ ಸೀರೆಯ ಸೆರಗನ್ನು ಅಂಗೈಯಲ್ಲಿ ಹಿಡಿದು ಮಡಚುತ್ತಾ ಕೂತಳು.

ಮೇಸ್ತ್ರಿ ಸ್ಪೀಕರಿನ ಪಕ್ಕದಲ್ಲೇ, ಅದರ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ ಕೂತಿದ್ದರು. ಏಳನೇ ಹಾಡು ಮುಗಿದಾಗ ಕೋಣೆಯಲ್ಲಿ ಉಳಿದಿದ್ದವರು ಹತ್ತು ಜನ. ಅವರು ಕಣ್ಣು ತೆರೆದು, ಜೀವಮಾನದಲ್ಲಿ ಮೊದಲ ಸಲ, ಇಡೀ ಕೋಣೆಗೆ ಕೇಳುವಂತೆ ಹೇಳಿದರು: "ಬಿರುಕಿಲ್ಲ."

ನನಗೆ ಅವರ ಕತ್ತು ಹಿಸುಕಬೇಕು ಅನ್ನಿಸಿತು.

ಇಂಟರ್ನೆಟ್ಟಿನಲ್ಲಿ ಬಂದ ಮಾತುಗಳೂ ಅವೇ. "ಹಾಡು ಚೆನ್ನಾಗಿದೆ, ಆದರೆ ತಾಳದವರು ಯಾರ ಮೇಲೋ ಸಿಟ್ಟಿನಲ್ಲಿದ್ದಾರೆ" ಎಂದು ಯಾರೋ ಬರೆದಿದ್ದರು. ಅದನ್ನು ಮಂಡಳಿಯವರೇ ಯಾರೋ ಚಿಕ್ಕಮ್ಮನಿಗೆ ಓದಿ ಹೇಳಿದ್ದರು. ಮರುದಿನ ಹೋದಾಗ ಅವಳು ತಾಳಗಳನ್ನು ಹಳೆಯ ರವಿಕೆ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಯಾಗಿತ್ತು. ಭಜನೆಗೂ ಹೋಗಿರಲಿಲ್ಲ.

"ನನ್ನಿಂದ ನಿನ್ ಹಾಡೆಲ್ಲ ಹಾಳಾಯ್ತು," ಎಂದಳು. "ಇಷ್ಟ್ ವರ್ಷ ಎಲ್ರೂ ಮುಖ ನೋಡಿ ಸುಮ್ನಿದ್ರು ಅನ್ಸುತ್ತೆ. ಹೆಸ್ರು ತೆಗ್ಸಿಬಿಡು."

ನನ್ನ ಹಾಡು ಹಾಳಾದದ್ದಕ್ಕಿಂತ ಆ ಮಾತು ನನ್ನನ್ನು ಹೆಚ್ಚು ಸುಟ್ಟಿತು. ಪೆನ್‌ಡ್ರೈವಿನಲ್ಲಿ ಮೂರು ಮೈಕಿನ ಸದ್ದೂ ಬೇರೆ ಬೇರೆಯಾಗಿಯೂ ಇದ್ದವು. ಗಿಟಾರಿನವನು ಒಂದು ಹಾಡಿನ ತಾಳವನ್ನು ತಗ್ಗಿಸಿ, ಅದರ ಚೂಪು ಇಳಿಸಿ ಕೊಟ್ಟ. ಅರ್ಧ ಗಂಟೆಯ ಕೆಲಸ. ಕೇಳಿದರೆ ಚಿಕ್ಕಮ್ಮನ ತಾಳ ತನ್ನ ಜಾಗದಲ್ಲಿ ಸ್ಪಷ್ಟವಾಗಿ, ಹದವಾಗಿ ಕೂತಿತ್ತು. ಮಂಗಳವಾರ ಅದನ್ನು ತೆಗೆದುಕೊಂಡು ಒಬ್ಬಳೇ ಭದ್ರಾವತಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೆ. ನಿಮ್ಮ ಹಟದಿಂದ ಒಬ್ಬ ಹೆಂಗಸು ಕೈಯಿಂದ ತಾಳ ಮುಟ್ಟುತ್ತಿಲ್ಲ, ನೀವೇ ಬಂದು ಅವಳಿಗೆ ಸಮಾಧಾನ ಹೇಳಿ ಎನ್ನುವುದು, ಹೇಳದಿದ್ದರೆ ಇನ್ನು ಈ ಮೆಟ್ಟಿಲು ಹತ್ತುವುದಿಲ್ಲ ಎನ್ನುವುದು.

ಹೋಗಿ ಏನೂ ಹೇಳದೆ, ಮೊದಲು ಇದು ಕೇಳಿ ಎಂದು ಆ ಹಾಡು ಹಾಕಿದೆ. ಎಂದಿನಂತೆ ಕೈ ಡಬ್ಬದ ಮೇಲೆ ಹೋಯಿತು, ಕಣ್ಣು ಮುಚ್ಚಿತು.

"ಹೂಂ. ಗಿಟಾರ್ ಚೆನ್ನಾಗ್ ಕೂತಿದೆ. ನಿನ್ ದನಿನೂ ಮುಂದೆ ಬಂದಿದೆ," ಎಂದರು. ಆಮೇಲೆ ಹುಬ್ಬು ಗಂಟಿಕ್ಕಿದರು. "ಆದ್ರೆ ತಾಳ ಯಾಕ್ ತೆಗ್ದ್ರಿ? ಜನ ಏನೋ ಅಂದ್ರು ಅಂತ ಪೂರ್ತಿ ತೆಗ್ದುಬಿಡೋದಾ? ಪಾಪ, ಆಯಮ್ಮ ಅಷ್ಟ್ ಕಷ್ಟಪಟ್ಟು ಬಾರ್ಸಿದ್ರು."

ಹಾಡು ಇನ್ನೂ ನಡೆಯುತ್ತಿತ್ತು. ತಾಳ ಆ ಕೋಣೆಯಲ್ಲಿ ಒಂದೊಂದೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ನನಗೆ ಕೇಳುತ್ತಿತ್ತು. ಬಾಗಿಲಲ್ಲಿ ಟೀ ಲೋಟ ಹಿಡಿದು ನಿಂತಿದ್ದ ಅಕ್ಕನಿಗೂ ಕೇಳುತ್ತಿತ್ತು.

ನಾನು ಅಕ್ಕನ ಮುಖ ನೋಡಿದೆ.

"ತಾಳ ಇದೆ ರೀ," ಎಂದರು ಅಕ್ಕ.

"ಎಲ್ಲಿ?"

ಅಕ್ಕ ಲೋಟ ಕೆಳಗಿಟ್ಟು ಬಂದು, ಡಬ್ಬದ ಮೇಲಿದ್ದ ಅವರ ಕೈಯನ್ನು ಎತ್ತಿಕೊಂಡರು. ತಮ್ಮ ತೋರುಬೆರಳಿನಿಂದ ಅವರ ಮಣಿಕಟ್ಟಿನ ಮೇಲೆ, ಪ್ರತಿ ತಾಳಕ್ಕೂ ಒಂದರಂತೆ, ಮೆಲ್ಲಗೆ ತಟ್ಟುತ್ತಾ ಹೋದರು. ಹಾಡು ಮುಗಿಯುವವರೆಗೂ ತಟ್ಟಿದರು. ಮೇಸ್ತ್ರಿ ತಮ್ಮ ಮಣಿಕಟ್ಟನ್ನೇ ನೋಡುತ್ತಾ ಕೂತಿದ್ದರು.

"ಕುಕ್ಕರ್ ಕೂಗೋದು ನಿಮ್ಗೆ ಕೇಳ್ಸಲ್ಲ," ಎಂದರು ಅಕ್ಕ. "ಫೋನೂ ಕೇಳ್ಸಲ್ಲ. ಮೂರ್ ವರ್ಷ ಆಯ್ತು."

"ಮತ್ಯಾಕೆ ಹೇಳ್ಲಿಲ್ಲ ನೀನು?"

"ಏನಂತ ಹೇಳ್ಲಿ? ಬಾಕಿ ಎಲ್ಲ ಹೋಯ್ತು. ಇದೊಂದಿತ್ತು ನಿಮ್ಗೆ."

ಸುತ್ತಿಗೆ ಕಬ್ಬಿಣದ ನಡುವೆ ಅಷ್ಟು ವರ್ಷ ನಿಂತ ಕಿವಿ ಸಣ್ಣ, ಚೂಪು ಸದ್ದುಗಳನ್ನು ಒಂದೊಂದಾಗಿ ಬಿಟ್ಟುಕೊಟ್ಟಿತ್ತು. ದಪ್ಪ ಸದ್ದು, ಮನುಷ್ಯರ ದನಿ ಅದಕ್ಕೆ ಸಿಗುತ್ತಿತ್ತು, ಎದುರಿಗೆ ತುಟಿ ಕಂಡರೆ ಇನ್ನೂ ಚೆನ್ನಾಗಿ. ತಾಳ ಮಾತ್ರ ಆ ಕಿವಿಗೆ ಕೇಳುವಷ್ಟು ಆಗುವ ಹೊತ್ತಿಗೆ ಬೇರೆಯವರ ಕಿವಿ ಹರಿಯುವಷ್ಟಾಗುತ್ತಿತ್ತು. ಇದನ್ನು ಬಿಡಿಸಿ ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವರೇ, "ಸ್ವಲ್ಪ ಅನುಮಾನ ಇತ್ತು. ಇಷ್ಟು ಅಂತ ಗೊತ್ತಿರ್ಲಿಲ್ಲ," ಎಂದರು. ನೋಟ್‌ಬುಕ್ ತೆಗೆದು, ನಮ್ಮ ಏಳು ಹಾಡಿನ ಮುಂದೆ ಬರೆದಿದ್ದ "ಪಾಸ್" ಎಂಬುದನ್ನು ಏಳು ಸಲ ಅಡ್ಡಗೆರೆ ಎಳೆದು ಹೊಡೆದರು. ಆಮೇಲೆ ಕೇಳಿದರು: "ರಾಗಿಗುಡ್ಡಕ್ಕೆ ಯಾವ ಬಸ್ಸು?"

ಅವತ್ತೇ ನನ್ನ ಜೊತೆ ಹೊರಟು ಬಂದರು. ನೇರವಾಗಿ ಚಿಕ್ಕಮ್ಮನ ಮನೆಗೆ ಹೋಗಬಹುದಿತ್ತಲ್ಲ? ಇಲ್ಲ, ಮಂಡಳಿಯ ಹೆಂಗಸರನ್ನೂ ಕರೆಸು ಎಂದರು. ಬೇಡ ಮೇಸ್ತ್ರಿ, ಊರಿಗೆಲ್ಲ ಯಾಕೆ ಗೊತ್ತಾಗಬೇಕು ಎಂದೆ. "ನಾಲ್ಕ್ ಜನರ ಮುಂದೆ ಆದ ಮಾತು ನಾಲ್ಕ್ ಜನರ ಮುಂದೇನೇ ತೊಳೀಬೇಕು," ಎಂದರು. ಮನೆ ಮನೆಗೆ ಹೋಗಿ ಏಳೆಂಟು ಜನರನ್ನು ಸೇರಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು.

ಅವರು ಚಪ್ಪಲಿ ಬಿಟ್ಟು, ಜಗುಲಿಯ ಮೇಲೆ ನಿಂತು, ಚಿಕ್ಕಮ್ಮನ ಮುಖ ನೋಡಿ ಹೇಳಿದರು: "ಬಿರುಕು ನಿಮ್ ತಾಳದಲ್ಲಿಲ್ಲಮ್ಮ. ನನ್ ಕಿವೀಲಿದೆ. ನಂಗೆ ಕೇಳ್ಲಿ ಅಂತ ನಿಮ್ ಕೈಲಿ ಬಡಿಸ್ದೆ. ತಪ್ಪು ನಂದು."

ಸೂಜಿ ಹಾಕಿದಂತಾಯಿತು ಎಂದಿದ್ದವಳು ನೆಲ ನೋಡುತ್ತಿದ್ದಳು. ಚಿಕ್ಕಮ್ಮ, "ಮೊದ್ಲು ಕೂತ್ಕೊಳ್ಳಿ, ಕಾಫಿ ಕುಡೀರಿ," ಎಂದಳು. ಒಳಗೆ ಹೋಗುತ್ತಾ ನನ್ನ ಕಡೆ ತಿರುಗಿ, "ಅಟ್ಟಕ್ಕೆ ಏಣಿ ಹಾಕು," ಎಂದಳು.

ಇಷ್ಟಕ್ಕೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ತಾಳ ತಗ್ಗಿಸಿದ ಹಾಡುಗಳನ್ನು ಹಾಕಿ ಮುಗಿಸೋಣ ಎಂದೆ. ಮೇಸ್ತ್ರಿ ಕಾಫಿ ಲೋಟ ಕೆಳಗಿಟ್ಟರು.

"ಅದು ಬೆಸುಗೆ. ಸದ್ದು ತಗ್ಗಿಸಿದ್ರೂ ಹೊಡೆತ ಹೊಡೆತವೇ. ಅದು ಇವ್ರ ಕೈಯಲ್ಲ, ನನ್ ಹಟ. ಎಲ್ಲಾ ಕರಗ್ಸಿ ಮತ್ತೆ ಎರೀಬೇಕು."

"ಏಳೂ ಹಾಡಾ?"

"ಏಳೂನೂ. ಇನ್ನೊಂದ್ ಸಲ."

ಗಿಟಾರಿನವನು ವಿಷಯ ಕೇಳಿ ಗಿಟಾರನ್ನೇ ಮಾರಿಬಿಡುತ್ತೇನೆ ಎಂದ. ಬಿಡುಗಡೆಯಾದ ಆಲ್ಬಮ್ಮನ್ನು ವಾಪಸ್ ತೆಗೆದೆವು. "ಏನ್ರೀ, ರಿಲೀಸ್ ಆಗಿ ಓಡೋಯ್ತಂತೆ?" ಎಂದು ಕೌಂಟರಿನ ಕಿಂಡಿಯಲ್ಲಿ ತಲೆ ತೂರಿಸಿ ನಗುವವರಿಗೆ ಉತ್ತರ ಹೇಳುವ ಕರ್ಮ ನನ್ನದಾಯಿತು. ಕಿವಿಗೆ ಮಷೀನ್ ಹಾಕಿಸಿಕೊಳ್ಳಿ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಎಷ್ಟು ಸಲ ಹೇಳಿದೆನೋ. "ಮಷೀನ್ ಹೇಳಿದ್ದನ್ನ ನಾನ್ ಪಾಸ್ ಮಾಡ್ಲಾ?" ಎಂದು ತಳ್ಳಿಹಾಕಿದರು. ಇವರ ಹಟದ ಮುಂದೆ ಕಲ್ಲಿಗೂ ಬೇಜಾರಾಗಬೇಕು.

ಮತ್ತೆ ಮಂಗಳವಾರಗಳು. ಈ ಸಲ ಹಾಡಿ ಮುಗಿದ ಮೇಲೆ ಚಿಕ್ಕಮ್ಮ ಅವರ ಪಕ್ಕದಲ್ಲಿ ಕೂರುತ್ತಿದ್ದಳು. ಅವರ ಒಂದು ಕೈ ಡಬ್ಬದ ಮೇಲೆ, ಇನ್ನೊಂದು ಕೈಯ ಮಣಿಕಟ್ಟಿನ ಮೇಲೆ ಚಿಕ್ಕಮ್ಮನ ಬೆರಳು. ಅವಳು ತಟ್ಟುತ್ತಾ ಹೋಗುತ್ತಿದ್ದಳು, ಅವರು ಪ್ರಶ್ನೆ ಕೇಳುತ್ತಾ ಹೋಗುತ್ತಿದ್ದರು.

"ತಾಳ ಎಲ್ಲಿದೆ ತಾಳದಮ್ಮ? ಮುಂದೋ ಹಿಂದೋ?"

"ಹಿಂದೆ. ಅಡಿಗೆಮನೇಲಿ ಯಾರೋ ಬಳೆ ಆಡ್ಸಿದಂಗೆ."

"ನಿಜ ಹೇಳ್ತಿದೀರಾ?"

"ನಾನ್ಯಾಕ್ ಸುಳ್ಳು ಹೇಳ್ಲಿ?"

ಪ್ರತಿ ಹಾಡಿಗೂ, ಪ್ರತಿ ಸಲವೂ ಇದೇ ಪ್ರಶ್ನೆ, ಇದೇ ಉತ್ತರ. ಒಮ್ಮೆ ಅವರು ಸರಿಯಿದೆ ಎಂದದ್ದನ್ನು ಚಿಕ್ಕಮ್ಮ ಒಪ್ಪಲಿಲ್ಲ. "ಬಿರುಕಿದೆ ಮೇಸ್ತ್ರಿ. ಇನ್ನೊಂದ್ ಸಲ," ಎಂದಳು. ಎಂದೂ ಯಾರ ಎದುರೂ ದನಿ ಎತ್ತದ ಚಿಕ್ಕಮ್ಮ! ಅಕ್ಕ ಅಡಿಗೆಮನೆಯಲ್ಲಿ ಜೋರಾಗಿ ನಕ್ಕರು. ಮೇಸ್ತ್ರಿಗೆ ಅದು ಕೇಳಿಸಿತು, ಮುಖ ಊದಿಸಿಕೊಂಡರು. ಆದರೂ ಹೀಟ್ ನಂಬರ್ ಕೂಗಿದರು.

ಏಳನೇ ಹಾಡು, ನನ್ನ ಒಡಹುಟ್ಟಿದ ಅಕ್ಕನ ಮೇಲಿನ ಸಿಟ್ಟಿನ ಹಾಡು, ಕೊನೆಗೆ ಉಳಿಸಿಕೊಂಡಿದ್ದೆವು. ಅದನ್ನೂ ಮುಗಿಸಿದ ದಿನ ಹೇಗಿದೆ ಮೇಸ್ತ್ರಿ ಎಂದು ಕೇಳಿದೆ. "ಆರ್ಲಿ, ನೋಡೋಣ," ಎಂದರು. ಮುಂದಿನ ಸೋಮವಾರ ಬೆಳಿಗ್ಗೆ ಸ್ನಾನಕ್ಕೆ ಹಂಡೆಯ ನೀರು ಕಾಯಿಸಲು ಹಿತ್ತಲಿಗೆ ಹೋದವರು ಅಲ್ಲೇ ಕುಸಿದರಂತೆ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಮಂಗಳವಾರ ನಾನು, ಚಿಕ್ಕಮ್ಮ, ಗಿಟಾರಿನವನು ಎಂದಿನ ಬಸ್ಸಿನಲ್ಲೇ ಹೋದೆವು.

ನಿಜ ಹೇಳುತ್ತೇನೆ, ಅಳುವುದಕ್ಕಿಂತ ಮೊದಲು ನನಗೆ ಬಂದದ್ದು ಸಿಟ್ಟು. ಒಂದು "ಬಿರುಕಿಲ್ಲ" ಹೇಳಿ ಹೋಗಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಹೇಳಬಾರದ ಕಡೆ, ಇಡೀ ಭಜನಾ ಮಂಡಳಿಯ ಎದುರು ಹೇಳಿದರು. ಹೇಳಬೇಕಾದಾಗ ಆರಲಿ ಎಂದು ಹೊರಟೇಹೋದರು.

ಆಲ್ಬಮ್ಮನ್ನು ಮತ್ತೆ ಬಿಡುಗಡೆ ಮಾಡುವ ಧೈರ್ಯ ನನಗಿರಲಿಲ್ಲ. ಅವರು ಪಾಸ್ ಮಾಡದ ಮಾಲನ್ನು ಹೇಗೆ ಕಳಿಸುವುದು? ಹನ್ನೊಂದನೆಯ ದಿನದ ಊಟ ಮುಗಿದ ಮೇಲೆ ಅಕ್ಕ ಆ ನೋಟ್‌ಬುಕ್ ತಂದು ಕೊಟ್ಟರು. "ಇದು ನಿಮ್ದೇ ಅಲ್ವಾಮ್ಮಾ, ಇಟ್ಕೊಳ್ಳಿ," ಎಂದರು. ಪುಟ ಪುಟವೂ ಹೀಟ್, ಬಿರುಕು, ಹೀಟ್, ಬಿರುಕು. ಅಡ್ಡಗೆರೆ ಹೊಡೆದ ಏಳು ಪಾಸ್. ಮತ್ತೆ ಬಿರುಕು.

ಚಿಕ್ಕಮ್ಮನಿಗೆ ಕೈಬರಹ ಓದಲು ಕಣ್ಣು ಸಾಲದು. ಕೊನೆಯಲ್ಲಿ ಏನು ಬರೆದಿದ್ದಾರೆ ನೋಡು ಎಂದಳು. ಕೊನೆಯ ಪುಟ ತೆಗೆದು ಗಟ್ಟಿಯಾಗಿ ಓದಿದೆ:

"ಹೀಟ್ 212. ಏಳನೇ ಹಾಡು. ತಾಳ ನನಗೆ ಕೇಳಿಸಲಿಲ್ಲ. ತಾಳದಮ್ಮ ಇದೆ ಅಂದರು. ಏಳೂ ಪಾಸ್."

ಚಿಕ್ಕಮ್ಮ "ಇನ್ನೊಂದ್ ಸಲ ಓದು," ಎಂದಳು.

ಓದಿದೆ. ಆ ಒಂದು ಸಲ ಮಾತ್ರ ನನಗೆ ಸಿಟ್ಟು ಬರಲಿಲ್ಲ.